ಆಫ್ರಿಕಾದಲ್ಲಿ ಹುಲ್ಲೆ ಬೇಟೆ: ಲೆಕ್ಕವನ್ನು ಬಜಪೆ ವಿಮಾನ ನಿಲ್ದಾಣದಿಂದ ಹಿಂದಕ್ಕೆ ಹಾಕಿ

ಜೋಹಾನ್ಸ್‌ಬರ್ಗಿನಲ್ಲಿ ಕೆಲಸದಲ್ಲಿರುವ ಭಾವನೋ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ನೆಲೆಸಿದ ಹಳೆಯ ಸಹಪಾಠಿಯೋ ಊರಿಗೆ ಬಂದಾಗ ಒಂದು ಮಾತು ಬಿಟ್ಟು ಹೋಗುತ್ತಾರೆ: "ಒಮ್ಮೆ ಅಲ್ಲಿಗೆ ಬನ್ನಿ ಭಾವ, ಅಲ್ಲಿ ಬೇಟೆಗೆ ಕಾನೂನಿನ ತಡೆಯಿಲ್ಲ." ಬೆಳ್ತಂಗಡಿ, ಕಾರ್ಕಳ, ಪುತ್ತೂರಿನ ಕಡೆ ಬೆಳೆ ರಕ್ಷಣೆಯ ಕೋವಿ ಇಟ್ಟುಕೊಂಡು ಅದನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುವವರಿಗೆ ಈ ಮಾತು ಕಿವಿಯಲ್ಲಿ ಉಳಿಯುತ್ತದೆ. ಆಮೇಲೆ ಪ್ರಶ್ನೆಗಳು ಶುರು. ಯಾವ ಪ್ರಾಣಿ, ಯಾವ ಕೋವಿ, ಎಷ್ಟು ಖರ್ಚು, ಕೊನೆಗೆ ಟಿಕೆಟ್ ಎಲ್ಲ ಆದ ಮೇಲೆ, "ಕೊಂಬು ತರಬಹುದಲ್ಲ?"

ಆ ಕೊನೆಯ ಪ್ರಶ್ನೆಯನ್ನು ಮೊದಲಿಗೆ ಕೇಳಬೇಕು ಎನ್ನುವುದೇ ಈ ಲೇಖನದ ತಿರುಳು. ಏನನ್ನು ಮನೆಗೆ ತರಲು ಸಾಧ್ಯ ಎಂಬುದು ನಿಶ್ಚಯವಾದರೆ ಯಾವ ದೇಶ, ಯಾವ ಪ್ರಾಣಿ, ಎಷ್ಟು ಹಣ ಎಂಬುದೆಲ್ಲ ಅದರ ಹಿಂದೆ ತಾನಾಗಿ ನಿಲ್ಲುತ್ತದೆ.

ಮೊದಲ ಹೆಜ್ಜೆ: ಏನು ಬರುವುದಿಲ್ಲ ಎಂದು ತಿಳಿಯಿರಿ

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ರಾಣೆಬೆನ್ನೂರಿನ ಕೃಷ್ಣಮೃಗವಾಗಲಿ ಕಾಡಂಚಿನ ಕೊಂಡಕುರಿಯಾಗಲಿ ಮೊದಲ ಪರಿಶಿಷ್ಟದಲ್ಲಿವೆ, ಅವುಗಳ ಮಾತೇ ಬೇಡ. ದಕ್ಷಿಣ ಆಫ್ರಿಕಾ ಅಥವಾ ನಮೀಬಿಯಾದಲ್ಲಿ ಅಲ್ಲಿನ ಕಾನೂನಿನಂತೆ, ಅಲ್ಲಿನ ಪರವಾನಗಿ ಪಡೆದು ಹೊಡೆದ ಪ್ರಾಣಿಗೆ ನಮ್ಮ ಬೇಟೆ ನಿಷೇಧ ತಾಗುವುದಿಲ್ಲ. ಆದರೆ ಅದರ ಕೊಂಬು, ಚರ್ಮ ಅಥವಾ ಮಾಂಸ ಭಾರತದ ಗಡಿಗೆ ಬಂದ ಕ್ಷಣದಿಂದ ಕಥೆ ಬೇರೆ. ಪ್ರಯಾಣಿಕರ ಸಾಮಾನಿನಲ್ಲಿ ವನ್ಯಜೀವಿ ಉತ್ಪನ್ನಗಳು ಕಸ್ಟಮ್ಸ್‌ನ ನಿಷೇಧಿತ ಪಟ್ಟಿಯಲ್ಲಿವೆ. ಕಾಡುಪ್ರಾಣಿಯ ಮಾಂಸದ ಆಮದಿಗೂ ಅವಕಾಶವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತದೆ. ಅಳಿವಿನಂಚಿನ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಸ್ಪ್ರಿಂಗ್‌ಬಕ್, ಇಂಪಾಲ, ಕುಡು, ಗೆಮ್ಸ್‌ಬಕ್, ಇಲ್ಯಾಂಡ್, ಬ್ಲೆಸ್‌ಬಕ್ ಎಂಬ ಆಫ್ರಿಕಾದ ಹುಲ್ಲೆಗಳಿಲ್ಲ. ಹಾಗಾಗಿ ಅವುಗಳ ಕೊಂಬು ತರಲು ಅಡ್ಡಿಯಿಲ್ಲ ಎಂದು ಅಲ್ಲಿನ ಬೇಟೆ ಸಂಘಟಕರು ಸಲೀಸಾಗಿ ಹೇಳಿಬಿಡುತ್ತಾರೆ. ಅವರ ಗ್ರಾಹಕರಲ್ಲಿ ಬಹುಪಾಲು ಅಮೆರಿಕ, ಯುರೋಪಿನವರು, ಆ ದೇಶಗಳ ನಿಯಮವೇ ಅವರಿಗೆ ಗೊತ್ತಿರುವುದು. ಸೈಟಿಸ್ ಪಟ್ಟಿಯಲ್ಲಿ ಇಲ್ಲ ಎಂದರೆ ಸೈಟಿಸ್ ಪರವಾನಗಿ ಬೇಡ ಎಂದಷ್ಟೇ ಅರ್ಥ. ಭಾರತದ ಆಮದು ನೀತಿ, ಕಸ್ಟಮ್ಸ್ ಕಾನೂನು, ಪಶು ಕ್ವಾರಂಟೈನ್ ಇವು ಯಾವುವೂ ಅದರಿಂದ ಕರಗಿಹೋಗುವುದಿಲ್ಲ. ಇನ್ನು ಬಾಂಟೆಬಕ್, ಲೆಚ್ವೆ, ನೀಲಿ ಡ್ಯೂಕರ್ ಇವು ಸೈಟಿಸ್‌ನ ಎರಡನೆಯ ಅನುಬಂಧದಲ್ಲಿವೆ. 2022ರ ತಿದ್ದುಪಡಿಯ ಮೂಲಕ ನಮ್ಮ ವನ್ಯಜೀವಿ ಕಾಯ್ದೆಯಲ್ಲೇ ಸೈಟಿಸ್ ಪ್ರಾಣಿಗಳಿಗೆ ಪ್ರತ್ಯೇಕ ಅಧ್ಯಾಯ ಬಂದಿದ್ದು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಪ್ರಾಣಿಗಳನ್ನು ನಿಮ್ಮ ಪಟ್ಟಿಯಿಂದ ಮೊದಲೇ ಕೈಬಿಡಿ.

ಕೊಂಬು ಬೇಕೇ ಬೇಕು ಎನ್ನುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೂ ಕೇಂದ್ರ ಪರಿಸರ ಸಚಿವಾಲಯದ ವನ್ಯಜೀವಿ ವಿಭಾಗಕ್ಕೂ ಪ್ರಾಣಿಯ ವೈಜ್ಞಾನಿಕ ಹೆಸರು, ತರಬೇಕೆಂದಿರುವ ಭಾಗ, ದೇಶ ಇಷ್ಟನ್ನು ನಮೂದಿಸಿ ಬರೆಯಬೇಕು. ಬೇಟೆಗೆ ಮುಂಗಡ ಕೊಡುವ ಮೊದಲೇ ಬರೆಯಿರಿ. ಲಿಖಿತ ಅನುಮತಿ ಕೈಗೆ ಬರುವ ತನಕ ಕೊಂಬು ಬರುವುದಿಲ್ಲ ಎಂದೇ ಎಣಿಸಿ. ಪರಿಚಯದ ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದ "ಏನೂ ಆಗುವುದಿಲ್ಲ" ಎಂಬ ಮಾತಿಗೆ ವಿಮಾನ ನಿಲ್ದಾಣದಲ್ಲಿ ಬೆಲೆಯಿಲ್ಲ.

ಗುತ್ತಿನ ಮನೆಯ ಚಾವಡಿಯಲ್ಲಿ ಅಜ್ಜನ ಕಾಲದ ಕಡವೆ ಕೊಂಬು ಇದೆಯಲ್ಲ, ಅದರ ಪಕ್ಕದಲ್ಲಿ ಇನ್ನೊಂದು ತೂಗಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ಅಂಥ ಹಳೆಯ ಕೊಂಬುಗಳಿಗೂ ಒಡೆತನದ ಪ್ರಮಾಣಪತ್ರ ಬೇಕು. ಘೋಷಿಸದೆ ಉಳಿದವರಿಗೆ ಸರ್ಕಾರ 2003ರಲ್ಲಿ ಅದಕ್ಕೆಂದೇ ಕಾಲಾವಕಾಶ ಕೊಟ್ಟಿತ್ತು. ಹೊಸ ಕೊಂಬೊಂದು ಗೋಡೆಗೆ ಬಂದರೆ ಹಳೆಯದರ ಕಾಗದವನ್ನೂ ಕೇಳುತ್ತಾರೆ. ನೆನಪಿರಲಿ.

ಮಾಂಸ ಏಕೆ ಬರಬಾರದು

ಇದನ್ನು ಬರೀ ಸರ್ಕಾರಿ ಕಿರಿಕಿರಿ ಎಂದುಕೊಳ್ಳುವವರಿಗಾಗಿ ಎರಡು ಮಾತು. ಕಾಲುಬಾಯಿ ರೋಗದ ವೈರಸ್‌ನಲ್ಲಿ ಹಲವು ಬಗೆಗಳಿವೆ. ನಮ್ಮ ದೇಶದಲ್ಲಿ ಕಾಡುವುದು ಒ, ಎ ಮತ್ತು ಏಷ್ಯಾ-1. ಹಟ್ಟಿಯ ದನಗಳಿಗೆ ಹಾಕಿಸುವ ಲಸಿಕೆ ಈ ಮೂರಕ್ಕೇ. ದಕ್ಷಿಣ ಆಫ್ರಿಕಾ ಪ್ರದೇಶದಲ್ಲಿ ಸ್ಯಾಟ್ ಎಂದು ಕರೆಯುವ ಬೇರೆಯೇ ಬಗೆಗಳಿವೆ, ಅಲ್ಲಿನ ಕಾಡೆಮ್ಮೆಗಳು ಅವನ್ನು ಹೊತ್ತು ತಿರುಗುತ್ತವೆ. ಒಂದು ಬಗೆಯ ಲಸಿಕೆ ಇನ್ನೊಂದರಿಂದ ಕಾಪಾಡುವುದಿಲ್ಲ. ನಿಮ್ಮ ಚೀಲದಲ್ಲಿ ಬಂದ ಒಣಮಾಂಸದ ಪೊಟ್ಟಣದ ಚೂರುಪಾರು ಹಟ್ಟಿಯ ಕಲಗಚ್ಚಿನ ಬಾಲ್ದಿಗೆ ಬಿದ್ದರೆ ಎಂಬ ಭಯ ಕಾಲ್ಪನಿಕವಲ್ಲ. ಹೊಸ ಜಾಗಗಳಿಗೆ ಈ ರೋಗ ಹಬ್ಬುವ ಹಾದಿಗಳಲ್ಲಿ ಸೋಂಕಿನ ಮಾಂಸವೂ ಒಂದು.

ಅಲ್ಲಿಯ ಸರ್ಕಾರಗಳೂ ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ. ನಮೀಬಿಯಾದಲ್ಲಿ ದೇಶವನ್ನೇ ಅಡ್ಡಡ್ಡ ಸೀಳುವ ಪಶುವೈದ್ಯ ಬೇಲಿಯೊಂದಿದೆ. ಅದರ ಉತ್ತರದ ಕಚ್ಚಾ ಮಾಂಸ ದಕ್ಷಿಣಕ್ಕೆ ಬರುವಂತಿಲ್ಲ. ತಮ್ಮದೇ ದೇಶದೊಳಗೆ ಅವರು ಅಷ್ಟು ಬಿಗಿಯಾಗಿರುವಾಗ ನಾವು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವ ಆಸೆ ಬಿಡುವುದೇ ಸರಿ. ಹೊರಡುವ ಮುನ್ನ ಬೂಟುಗಳ ಅಡಿಯ ಮಣ್ಣನ್ನೂ ಅಲ್ಲಿಯೇ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸಿ ಬನ್ನಿ. ಊರಿಗೆ ಬಂದ ಮರುದಿನ ಅದೇ ಬೂಟಿನಲ್ಲಿ ಹಟ್ಟಿಗೆ ಇಳಿಯಬೇಡಿ.

ನಮ್ಮ ಕಡೆ ಬೇಟೆಯೆಂದರೆ ಪಾಲು. ಈಡು ಹೊಡೆದವನಿಗೆ ಇಷ್ಟು, ಸೋವಿದವರಿಗೆ ಇಷ್ಟು, ನಾಯಿಯ ಒಡೆಯನಿಗೆ ಇಷ್ಟು ಎಂದು ಹಂಚಿಕೊಂಡ ಕಾಲದ ಕಥೆಗಳನ್ನು ಕೇಳಿ ಬೆಳೆದವರಿಗೆ, ಹೊಡೆದದ್ದನ್ನು ಅಲ್ಲಿಯೇ ಬಿಟ್ಟು ಬರುವುದು ಒಗ್ಗದ ಮಾತು. ಒಗ್ಗದಿದ್ದರೆ ಹೋಗಬೇಡಿ ಎಂದೇ ನನ್ನ ಸಲಹೆ. ಸಾಕಷ್ಟು ದುಡ್ಡು ಉಳಿಯುತ್ತದೆ.

ದೇಶ ಮತ್ತು ಕಾಲ

ದಕ್ಷಿಣ ಆಫ್ರಿಕಾದಲ್ಲಿ ಬೇಟೆಯ ಬಹುಭಾಗ ಖಾಸಗಿ ಜಮೀನಿನಲ್ಲಿ ನಡೆಯುತ್ತದೆ. 1991ರ ಒಂದು ಕಾಯ್ದೆ ಸರಿಯಾಗಿ ಬೇಲಿ ಹಾಕಿದ ಜಮೀನಿನ ಕಾಡುಪ್ರಾಣಿಗಳ ಒಡೆತನವನ್ನು ಜಮೀನಿನವನಿಗೆ ಉಳಿಸಿಕೊಟ್ಟಿತು. ದನ ಸಾಕುತ್ತಿದ್ದ ಎಷ್ಟೋ ರೈತರು ಕುಡು, ಇಂಪಾಲಗಳತ್ತ ತಿರುಗಿದ್ದಕ್ಕೆ ಈ ಒಡೆತನವೂ ಒಂದು ಕಾರಣ. ನಮೀಬಿಯಾದಲ್ಲಿ ಖಾಸಗಿ ಜಮೀನುಗಳ ಜೊತೆಗೆ ಸಮುದಾಯದ ಸಂರಕ್ಷಣಾ ಪ್ರದೇಶಗಳಿವೆ. 1996ರ ಕಾಯ್ದೆಯಿಂದ ಹುಟ್ಟಿದ ಇವು ಈಗ 80ಕ್ಕೂ ಹೆಚ್ಚಿವೆ. ಅಲ್ಲಿ ಬೇಟೆಯ ಶುಲ್ಕದ ಪಾಲು ಸಮುದಾಯಕ್ಕೆ ಸೇರುತ್ತದೆ, ಮಾಂಸ ಹಳ್ಳಿಯವರಲ್ಲಿ ಹಂಚಿಕೆಯಾಗುತ್ತದೆ. ಮಾಂಸ ವ್ಯರ್ಥವಾಗಬಾರದು ಎಂಬ ಮನಸ್ಸಿನವರಿಗೆ ನಾನು ನಮೀಬಿಯಾವನ್ನೇ ಹೇಳುತ್ತೇನೆ.

ಎರಡೂ ಕಡೆ ಬೇಟೆಗೆ ಅಚ್ಚುಕಟ್ಟಾದ ಕಾಲ ಮೇಯಿಂದ ಆಗಸ್ಟ್. ಅಲ್ಲಿ ಆಗ ಒಣ ಚಳಿಗಾಲ, ಹುಲ್ಲು ಬಾಡಿ ತಗ್ಗಿರುತ್ತದೆ, ಪ್ರಾಣಿಗಳು ನೀರಿನ ಹೊಂಡಗಳ ಸುತ್ತ ಸಿಗುತ್ತವೆ. ನಮೀಬಿಯಾದ ಟ್ರೋಫಿ ಬೇಟೆಯ, ಅಂದರೆ ಕೊಂಬು, ಚರ್ಮಕ್ಕಾಗಿ ಆಡುವ ಬೇಟೆಯ ಋತು ಫೆಬ್ರವರಿ 1ರಿಂದ ನವೆಂಬರ್ 30ರವರೆಗೆ. ಅಲ್ಲಿನ ಒಣ ಚಳಿಗಾಲವೆಂದರೆ ನಮ್ಮಲ್ಲಿ ಆಟಿಯ ಮಳೆ ಸುರಿಯುವ ಹೊತ್ತು. ಅಡಿಕೆ ತೋಟ ಇರುವವರು ಮೊದಲ ಬೋರ್ಡೋ ಸಿಂಪಡಣೆ ಮುಗಿಸಿ ಎರಡನೆಯದರ ಒಳಗೆ ಹೋಗಿಬರುವಂತೆ ದಿನ ಗೊತ್ತುಮಾಡಿಕೊಳ್ಳಬಹುದು. ಕೊಳೆರೋಗ ಯಾರ ಬೇಟೆಗೂ ಕಾಯುವುದಿಲ್ಲ.

ಸಂಘಟಕರ ಆಯ್ಕೆ

ಅಲ್ಲಿ ವಿದೇಶಿಗನೊಬ್ಬ ಕೋವಿ ಹಿಡಿದು ತಾನಾಗಿ ಕಾಡು ಹೊಗುವಂತಿಲ್ಲ. ಪರವಾನಗಿ ಇರುವ ಔಟ್‌ಫಿಟರ್ ಅಂದರೆ ಸಂಘಟಕ, ಪ್ರೊಫೆಷನಲ್ ಹಂಟರ್ ಅಂದರೆ ಜೊತೆಗೆ ಬರುವ ವೃತ್ತಿಪರ ಬೇಟೆಗಾರ, ಇಬ್ಬರೂ ಕಡ್ಡಾಯ. ದಕ್ಷಿಣ ಆಫ್ರಿಕಾದಲ್ಲಿ ಈ ಪರವಾನಗಿಗಳನ್ನು ಪ್ರಾಂತ್ಯಗಳು ಕೊಡುತ್ತವೆ. ಭಾವನ ಗೆಳೆಯನ ಜಮೀನು ಎಂಬ ಕಾರಣಕ್ಕೆ ಇದನ್ನು ಬದಿಗಿಡಬೇಡಿ. ಪರವಾನಗಿಯ ಪ್ರತಿ ಕೇಳಿ, ಅದು ನೀವು ಹೋಗುವ ಪ್ರಾಂತ್ಯಕ್ಕೆ ಸಲ್ಲುತ್ತದೆಯೇ ನೋಡಿ.

ಹಣದ ಮಾತಿನಲ್ಲಿ ನಮ್ಮವರು ಮೋಸ ಹೋಗುವುದಕ್ಕಿಂತ ಹೆಚ್ಚಾಗಿ ಓದದೆ ಸಹಿ ಹಾಕುತ್ತಾರೆ. ದಿನದ ದರ ಒಂದು, ಹೊಡೆದ ಪ್ರತಿ ಪ್ರಾಣಿಗೆ ಟ್ರೋಫಿ ಶುಲ್ಕ ಇನ್ನೊಂದು. ಜೊತೆಗೆ ಬರುವ ಹೆಂಡತಿಗೋ ಅಣ್ಣನಿಗೋ ವೀಕ್ಷಕರ ದರ. ಕೋವಿಯ ಬಾಡಿಗೆ ಮತ್ತು ತೋಟೆಯ ಬೆಲೆ ಬೇರೆ. ದಕ್ಷಿಣ ಆಫ್ರಿಕಾದ ಮೌಲ್ಯವರ್ಧಿತ ತೆರಿಗೆ 15%, ಅದು ಹೇಳಿದ ದರದ ಒಳಗಿದೆಯೇ ಹೊರಗಿದೆಯೇ ಎಂದು ಕೇಳಿ. ಆಳುಗಳಿಗೂ ಬೇಟೆಗಾರನಿಗೂ ಕೊಡುವ ಭಕ್ಷೀಸನ್ನು ಯಾರೂ ಬರೆದು ಕೊಡುವುದಿಲ್ಲ, ಆದರೆ ಕೊಡಲೇಬೇಕಾದ ವಾಡಿಕೆ. ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು: ಪ್ರಾಣಿ ಗಾಯಗೊಂಡು ತಪ್ಪಿಸಿಕೊಂಡರೂ ಪೂರ್ತಿ ಶುಲ್ಕ. ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಲೆಕ್ಕ ಮುಗಿದಂತೆ. ಕರುಣೆಯಿಲ್ಲದ ನಿಯಮ ಎನಿಸಬಹುದು. ನನಗದು ಬೇಟೆಯ ಅತ್ಯಂತ ನ್ಯಾಯವಾದ ನಿಯಮವಾಗಿ ಕಾಣುತ್ತದೆ. ಅನುಮಾನದ ಈಡನ್ನು ತಡೆಯುವುದು ಅದೊಂದೇ.

ಒಪ್ಪಂದದಲ್ಲಿ ನಿಮ್ಮ ಕಡೆಯಿಂದ ಸೇರಿಸಬೇಕಾದ ಸಾಲು ಒಂದಿದೆ. "ಟ್ರೋಫಿ ರಫ್ತು ಇಲ್ಲ, ಚರ್ಮ ಹದ ಮಾಡುವುದು, ಕೊಂಬು ಸಿದ್ಧಪಡಿಸುವುದು, ಪ್ಯಾಕಿಂಗ್ ಯಾವುದೂ ಬೇಡ" ಎಂದು ಬರೆಸಿ. ಇಲ್ಲದಿದ್ದರೆ ನೀವು ಊರಿಗೆ ಬಂದು ತಿಂಗಳುಗಳಾದ ಮೇಲೆ ಚರ್ಮ ಹದ ಮಾಡಿದವರ ಬಿಲ್ಲು ಮಿಂಚಂಚೆಯಲ್ಲಿ ಬರುತ್ತದೆ. ಟ್ರೋಫಿ ಒಯ್ಯದವರಿಗೆಂದು ಕೆಲವು ಜಮೀನಿನವರು ಕಡಿಮೆ ದರದ ಬೇಟೆ ಇಟ್ಟಿರುತ್ತಾರೆ. ಹೆಣ್ಣು ಪ್ರಾಣಿಗಳನ್ನು, ದೊಡ್ಡ ಕೊಂಬಿಲ್ಲದವನ್ನು ಸಂಖ್ಯೆ ಹದದಲ್ಲಿಡಲು ಹೇಗೂ ಪ್ರತಿವರ್ಷ ತೆಗೆಯುತ್ತಾರೆ. ಕೊಂಬು ಮನೆಗೆ ಬರುವುದಿಲ್ಲ ಎಂದಾದ ಮೇಲೆ ಉದ್ದ ಕೊಂಬಿಗೆ ಹೆಚ್ಚು ಹಣ ತೆರುವುದರಲ್ಲಿ ಏನರ್ಥ? ಹಿಂದಿನಿಂದ ಲೆಕ್ಕ ಹಾಕುವುದರ ಲಾಭ ಮೊದಲು ಕಾಣುವುದು ಇಲ್ಲಿಯೇ.

ಜಮೀನು ಎಷ್ಟು ದೊಡ್ಡದು, ಪ್ರಾಣಿಗಳು ಅಲ್ಲಿಯೇ ಹುಟ್ಟಿ ಬೆಳೆದವೇ ಅಥವಾ ಹರಾಜಿನಲ್ಲಿ ತಂದು ಬಿಟ್ಟವೇ ಎಂದು ಕೇಳಲು ಸಂಕೋಚ ಬೇಡ. ಕಪ್ಪು, ಬಿಳಿ, ತಾಮ್ರ ಬಣ್ಣದ ಸ್ಪ್ರಿಂಗ್‌ಬಕ್‌ಗಳನ್ನು ಚಿತ್ರಸಮೇತ ತೋರಿಸಿದರೆ ಅವು ಆಯ್ದು ತಳಿ ಬೆಳೆಸಿದವು ಎಂದು ತಿಳಿಯಿರಿ. ಅದಕ್ಕೆ ಹೆಚ್ಚಿನ ಶುಲ್ಕ ತೆತ್ತು ಹೊಡೆಯುವುದರಲ್ಲಿ ನನಗಂತೂ ಬೇಟೆ ಕಾಣುವುದಿಲ್ಲ.

ಇಲ್ಲಿಂದ ಒಟ್ಟಾಗಿ ಪ್ಯಾಕೇಜ್ ಕೊಂಡರೆ ವಿದೇಶ ಪ್ರವಾಸಕ್ಕೆ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ರಸೀದಿ ಇಟ್ಟುಕೊಳ್ಳಿ.

ಕೋವಿ: ಮನೆಯದು ಮನೆಯಲ್ಲೇ ಇರಲಿ

ಬೆಳೆ ರಕ್ಷಣೆಯ ಪರವಾನಗಿ ಆಫ್ರಿಕಾಕ್ಕೆ ರಹದಾರಿಯಲ್ಲ. ಇಲ್ಲಿಂದ ಹೊರಗೆ ಒಯ್ಯಲು, ಮರಳಿ ತರಲು ಅನುಮತಿ ಬೇಕು. ವಿಮಾನ ಕಂಪನಿ ಒಪ್ಪಬೇಕು, ನಡುವೆ ಇಳಿಯುವ ದೇಶವೂ ಒಪ್ಪಬೇಕು. ದಕ್ಷಿಣ ಆಫ್ರಿಕಾದಲ್ಲಿ ಇಳಿದ ಮೇಲೆ ಅಲ್ಲಿನ ಪೊಲೀಸರ 520ನೇ ನಮೂನೆ, ಆಹ್ವಾನಪತ್ರ, ಒಡೆತನದ ದಾಖಲೆ ಎಲ್ಲ ಬೇಕು. ಇಷ್ಟೆಲ್ಲ ಆದ ಮೇಲೂ ಹಂದಿಗೆಂದು ಇಟ್ಟುಕೊಂಡ ನಮ್ಮ ತೋಟೆ ಕೋವಿ ಅಲ್ಲಿನ ಕರೂ ಎಂಬ ಒಣ ಬಯಲಿನಲ್ಲಿ 200 ಮೀಟರ್ ದೂರದ ಸ್ಪ್ರಿಂಗ್‌ಬಕ್‌ಗೆ ಯಾವ ಕೆಲಸಕ್ಕೂ ಬಾರದು.

ಅಲ್ಲಿಯೇ ಬಾಡಿಗೆಗೆ ಪಡೆಯಿರಿ. ಪರವಾನಗಿದಾರನ ನೇರ ನಿಗಾದಲ್ಲಿ ಇನ್ನೊಬ್ಬರು ಅವನ ಕೋವಿ ಬಳಸಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ದೂರದರ್ಶಕ ಕೂಡಿಸಿದ ಪಾಯಿಂಟ್ 308 ಅಥವಾ ಪಾಯಿಂಟ್ 30-06 ರೈಫಲ್ ಸಾಮಾನ್ಯವಾಗಿ ಸಿಗುತ್ತದೆ, ಸ್ಪ್ರಿಂಗ್‌ಬಕ್‌ನಿಂದ ಕುಡುವಿನವರೆಗೆ ಸಾಕು. ಮೊದಲ ದಿನವೇ ಗುರಿ ಹಲಗೆಗೆ ಹೊಡೆದು ನೋಡಿ. ಹೊಡೆಯದೆ ಬೇಟೆಗೆ ಹೊರಡಿಸುವ ಸಂಘಟಕನಾದರೆ ಅಲ್ಲಿಯೇ ಜಾಗ್ರತೆಯಾಗಿ.

ಅಭ್ಯಾಸವನ್ನು ಮಾತ್ರ ಊರಿನಿಂದಲೇ ಮಾಡಿಕೊಂಡು ಹೋಗಬೇಕು. ಅಲ್ಲಿ ನಿಂತು, ಮೂರು ಕಾಲಿನ ಊರುಗೋಲಿನ ಮೇಲೆ ಕೋವಿ ಇಟ್ಟು ಹೊಡೆಯುವುದು ರೂಢಿ. ನಮ್ಮಲ್ಲಿ ಮರದ ಅಟ್ಟಣಿಗೆಯಲ್ಲಿ ಕೂತು, ಬ್ಯಾಟರಿ ಬೆಳಕಿನಲ್ಲಿ ಹತ್ತಿರದ ಹಂದಿಗೆ ಗುರಿಯಿಟ್ಟ ಅಭ್ಯಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರು ಬಿದಿರು ಕಡ್ಡಿಗಳನ್ನು ಮೇಲ್ತುದಿಯಲ್ಲಿ ಕಟ್ಟಿ, ಏರ್ ರೈಫಲ್ ಇಟ್ಟು ಅಂಗಳದಲ್ಲಿ ನಿಂತು ಗುರಿ ಹಿಡಿಯುವುದನ್ನು ರೂಢಿಸಿಕೊಳ್ಳಿ. ಉಸಿರು ಏರಿದಾಗಲೂ ಕೈ ನಿಲ್ಲಬೇಕು, ಆದ್ದರಿಂದ ಸ್ವಲ್ಪ ಓಡಿ ಬಂದು ಹೊಡೆದು ನೋಡಿ. ಆಫ್ರಿಕಾದ ಹುಲ್ಲೆಗಳಲ್ಲಿ ಹೃದಯ, ಶ್ವಾಸಕೋಶಗಳು ನಾವು ಎಣಿಸುವುದಕ್ಕಿಂತ ಮುಂದಕ್ಕೆ, ಕೆಳಕ್ಕೆ, ಭುಜಗಳ ನಡುವೆಯೇ ಇರುತ್ತವೆ. ಅಡ್ಡ ನಿಂತ ಪ್ರಾಣಿಯ ಮುಂಗಾಲಿನ ನೇರಕ್ಕೆ ಮೇಲೆ ಬಂದು, ಕೆಳಗಿನಿಂದ ದೇಹದ ಮೂರನೆಯ ಒಂದು ಭಾಗದ ಎತ್ತರದಲ್ಲಿ ಹೊಡೆಯಬೇಕು. ಭುಜದ ಹಿಂದೆ ಹೊಡೆದರೆ ಇಡೀ ಮಧ್ಯಾಹ್ನ ರಕ್ತದ ಜಾಡು ಹಿಡಿದು ನಡೆಯುವ ಪಾಡು.

ಪ್ರಯಾಣದ ಕಾಗದಗಳು

ಭಾರತೀಯರಿಗೆ ಎರಡೂ ದೇಶಗಳಿಗೆ ವೀಸಾ ಬೇಕು. ಪಾಸ್‌ಪೋರ್ಟಿನಲ್ಲಿ ಖಾಲಿ ಪುಟಗಳಿರಲಿ. ಮಂಗಳೂರಿನಿಂದ ಆಫ್ರಿಕಾಕ್ಕೆ ನೇರ ವಿಮಾನವಿಲ್ಲ, ಮುಂಬೈ ಅಥವಾ ಗಲ್ಫ್‌ನ ದಾರಿ ಹಿಡಿಯಬೇಕು. ಆಡಿಸ್ ಅಬಾಬಾ ಅಥವಾ ನೈರೋಬಿಯ ಮೂಲಕ ಹೋಗುವ ಟಿಕೆಟ್ ಕೆಲವೊಮ್ಮೆ ಅಗ್ಗ, ಆದರೆ ಅವು ಹಳದಿ ಜ್ವರದ ದೇಶಗಳು. ಅಲ್ಲಿ ಇಳಿದು ಬಂದವರಲ್ಲಿ ಲಸಿಕೆಯ ಪತ್ರ ಇಲ್ಲದಿದ್ದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಪತ್ರಕ್ಕೆ ಬೆಲೆ ಬರುವುದು ಹಾಕಿಸಿಕೊಂಡ ಹತ್ತು ದಿನಗಳ ನಂತರ. ಉಳಿದ ಜೀವಮಾನಕ್ಕೆಲ್ಲ ಅದು ಸಾಕು. ಟಿಕೆಟಿನಲ್ಲಿ ಉಳಿಸಿದ್ದನ್ನು ಇಲ್ಲಿ ಕಳೆದುಕೊಳ್ಳಬೇಡಿ.

ಮಲೇರಿಯಾದ ಪರಿಚಯವನ್ನು ಮಂಗಳೂರಿನವರಿಗೆ ಮಾಡಿಕೊಡಬೇಕಾಗಿಲ್ಲ. ಆದರೂ ದಕ್ಷಿಣ ಆಫ್ರಿಕಾದ ಲಿಂಪೊಪೊ, ಎಂಪುಮಲಾಂಗಾದ ತಗ್ಗು ಪ್ರದೇಶಕ್ಕೋ ನಮೀಬಿಯಾದ ಉತ್ತರಕ್ಕೋ ಹೋಗುವುದಾದರೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಮಾತ್ರೆ ಬರೆಸಿಕೊಳ್ಳಿ. ಕರೂ ಕಡೆ ಮಲೇರಿಯಾ ಇಲ್ಲ. ರಕ್ತ ಹೀರುವ ಉಣುಗುಗಳ ಕಾಟ ಎಲ್ಲೆಡೆಯೂ ಇರಬಹುದು, ಸಂಜೆ ಸ್ನಾನದ ಹೊತ್ತಿಗೆ ಮೈಯೆಲ್ಲ ನೋಡಿಕೊಳ್ಳಿ. ಜುಲೈಯ ಬೆಳಗ್ಗೆ ಅಲ್ಲಿ ಶೂನ್ಯಕ್ಕಿಂತ ಕೆಳಗೆ ಇಳಿಯುವುದುಂಟು. ಕರಾವಳಿಯ ಕಪಾಟಿನಲ್ಲಿ ಅಂಥ ಬಟ್ಟೆ ಇರುವುದಿಲ್ಲ, ಕೈಗವಸು ಮತ್ತು ಉಣ್ಣೆಯ ಟೊಪ್ಪಿ ಸಹಿತ ಕೊಂಡುಕೊಳ್ಳಿ. ಸೈನಿಕರ ಮಾದರಿಯ ಚುಕ್ಕಿಬಟ್ಟೆ ಬೇಡ. ಜಿಂಬಾಬ್ವೆ, ಜಾಂಬಿಯಾಗಳಲ್ಲಿ ನಾಗರಿಕರು ಅದನ್ನು ತೊಡುವುದು ಅಪರಾಧ. ಮಾಸಲು ಹಸಿರೋ ಖಾಕಿಯೋ ಸಾಕು.

ಹೊಡೆದ ಮೇಲೆ

ಪ್ರಾಣಿ ಬಿದ್ದ ಮೇಲಿನ ಕೆಲಸವನ್ನೆಲ್ಲ ಅಲ್ಲಿನವರೇ ಮಾಡುತ್ತಾರೆ. ಕರುಳು ತೆಗೆದು ಶೀತಲ ಕೋಣೆಗೆ ಸೇರಿಸುವವರೆಗೆ ಜೊತೆಯಲ್ಲಿರಿ, ಅವರ ಕೈಚಳಕ ನೋಡುವಂಥದ್ದು. ಸ್ಪ್ರಿಂಗ್‌ಬಕ್ ಗಂಡು 40 ಕಿಲೊ ಆಸುಪಾಸಿನದ್ದು, ಗೆಮ್ಸ್‌ಬಕ್ 200 ಕಿಲೊ ಮುಟ್ಟುತ್ತದೆ, ದೊಡ್ಡ ಇಲ್ಯಾಂಡ್ ಗೂಳಿ 900 ಕಿಲೊವರೆಗೂ ತೂಗಬಹುದು. ಮಾಂಸ ಯಾರಿಗೆ ಹೋಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಂಡಿದ್ದರೆ ಈಗ ಮನಸ್ಸು ಹಗುರವಾಗಿರುತ್ತದೆ. ಸಾಮಾನ್ಯವಾಗಿ ಒಂದು ಪಾಲು ಜಮೀನಿನ ಕೆಲಸಗಾರರಿಗೆ, ಉಳಿದದ್ದು ಮಾಂಸದಂಗಡಿಗೆ, ನಿಮ್ಮ ಊಟಕ್ಕೆ ಬೇಕಾದಷ್ಟು ಅಡುಗೆಮನೆಗೆ.

ಅಡುಗೆಮನೆಗೆ ಹೋಗಿ ಕುಳಿತುಕೊಳ್ಳಿ. ಆ ರಾತ್ರಿಯ ಈಲಿ, ಮರುದಿನ ಮೂರು ಕಾಲಿನ ಕಬ್ಬಿಣದ ಪಾತ್ರೆಯಲ್ಲಿ ಕೆಂಡದ ಮೇಲೆ ಗಂಟೆಗಟ್ಟಲೆ ಬೇಯುವ ಪೊಯ್ಕಿ, ಇವನ್ನು ಊರಲ್ಲಿ ಯಾರೂ ನಿಮಗೆ ಬಡಿಸಲಾರರು. ಬಿಲ್ಟಾಂಗ್ ಎಂಬ ಒಣಮಾಂಸಕ್ಕೆ ಬೇಕಾದ್ದು ವಿನೆಗರ್, ಉಪ್ಪು, ಕರಿಮೆಣಸು, ಹುರಿದು ಕುಟ್ಟಿದ ಕೊತ್ತಂಬರಿ ಬೀಜ, ಬೀಸುವ ಒಣಗಾಳಿ. ಮೊದಲ ನಾಲ್ಕೂ ಮಂಗಳೂರಿನ ಅಡುಗೆಮನೆಯಲ್ಲಿ ಇವೆ, ಕೊನೆಯದು ಜುಲೈಯಲ್ಲಿ ಎಲ್ಲಿಂದ ತರುವುದು! ವಿಧಾನವನ್ನು ಬರೆದುಕೊಂಡು ಬಂದು, ಜನವರಿಯಲ್ಲಿ ಆಡಿನ ಮಾಂಸದಲ್ಲಿ ಮಾಡಿ ನೋಡಬಹುದು. ಅದನ್ನು ಯಾವ ಕಸ್ಟಮ್ಸ್‌ನವರೂ ತಡೆಯುವುದಿಲ್ಲ.

ಕೊಂಬಿನ ಆಸೆ ಇನ್ನೂ ಉಳಿದಿದ್ದರೆ ಎರಡು ದಾರಿ. ಅದನ್ನು ಅಲ್ಲಿನ ಭಾವನ ಮನೆಯ ಗೋಡೆಗೇ ಕೊಡಿ. ಅಥವಾ ಫೈಬರ್‌ಗ್ಲಾಸ್‌ನಲ್ಲಿ ಅಚ್ಚು ತೆಗೆದ ಪ್ರತಿಕೃತಿ ಮಾಡಿಸಿ, ಅದು ಪ್ರತಿಕೃತಿ ಎಂದು ಸ್ಪಷ್ಟವಾಗಿ ಬರೆದ ಬಿಲ್ಲಿನೊಂದಿಗೆ ತನ್ನಿ, ಕಸ್ಟಮ್ಸ್‌ನ ಕೆಂಪು ಸಾಲಿನಲ್ಲಿ ನೀವಾಗಿಯೇ ತೋರಿಸಿ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕುಡು ಚರ್ಮದ ಪರ್ಸು, ಸ್ಪ್ರಿಂಗ್‌ಬಕ್ ತೊಗಲಿನ ಹಾಸು ಮಾರುತ್ತಾರೆ. ಅಂಗಡಿಯಲ್ಲಿ ಕೊಂಡದ್ದಾದರೂ ಅದು ವನ್ಯಜೀವಿ ಉತ್ಪನ್ನವೇ.

ಮರಳುವ ಹಿಂದಿನ ರಾತ್ರಿ ಚೀಲಗಳನ್ನು ಪೂರ್ತಿ ಖಾಲಿ ಮಾಡಿ, ಜೇಬು, ಮಡಿಕೆ, ಬೂಟಿನ ಒಳಗೆಲ್ಲ ಕೈಹಾಕಿ ನೋಡಿ. ಜಾಕೆಟಿನ ಜೇಬಿನಲ್ಲಿ ಮರೆತ ಒಂದೇ ಒಂದು ತೋಟೆ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯ ಮೊಕದ್ದಮೆಯಾಗಬಹುದು, ವಿವರಣೆ ಕೊಡುವುದು ಆಮೇಲಿನ ಮಾತು. ನೆನಪಿಗೆಂದು ಖಾಲಿ ತೋಟೆಯನ್ನೂ ಇಟ್ಟುಕೊಳ್ಳಬೇಡಿ.

ಚಿತ್ರಗಳ ವಿಷಯ ಬಾಕಿಯಿದೆ. ಬಿದ್ದ ಕುಡುವಿನ ಪಕ್ಕ ಕೋವಿ ಹಿಡಿದು ನಿಂತ ಚಿತ್ರ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ, ಮೂರನೆಯ ಕೈಗೆ ದಾಟುವ ಹೊತ್ತಿಗೆ ಅದು ಕುದುರೆಮುಖದ ಕಡವೆಯಾಗಿರುತ್ತದೆ. ಅರಣ್ಯ ಇಲಾಖೆಯವರು ಮನೆಗೆ ಬಂದು ವಿಚಾರಿಸಿದರೆ ಅವರನ್ನು ದೂರುವಂತಿಲ್ಲ. ಹಂಚಲೇಬೇಕೆಂದಿದ್ದರೆ ಚಿತ್ರದ ಮೇಲೆಯೇ ದೇಶ, ಪ್ರಾಂತ್ಯ, ದಿನಾಂಕ ಬರೆಯಿರಿ. ಬೇಟೆಯ ಪರವಾನಗಿ, ಸಂಘಟಕರೊಂದಿಗಿನ ಒಪ್ಪಂದ, ಶುಲ್ಕದ ರಸೀದಿ, ವೀಸಾದ ಮುದ್ರೆಯ ಪುಟ, ಬೋರ್ಡಿಂಗ್ ಪಾಸ್ ಇವುಗಳ ಪ್ರತಿಯನ್ನು ಒಂದು ಕಡತದಲ್ಲಿ ಹಾಕಿ, ಮನೆಯ ಕೋವಿಯ ಪರವಾನಗಿ ಇರುವ ಕಪಾಟಿನಲ್ಲೇ ಇಡಿ.